"ದಾಲ ಇಜ್ಜಿ" (ತುಳುವಿನಲ್ಲಿ "ಏನೂ ಇಲ್ಲ") ಅನ್ನುವ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ?

(ಈ ವಾರ ಉತ್ತರ ಕೊಡುವವರು ಉಡುಪಿಯಲ್ಲಿ 20 ವರ್ಷದಿಂದ ಕ್ಲಿನಿಕ್ ನಡೆಸುತ್ತಿರುವ ಫ್ಯಾಮಿಲಿ ಡಾಕ್ಟರ್. ಪ್ರಶ್ನೆ ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ.)

ಪ್ರಶ್ನೆ – ಪರ್ಕಳ (ಈಗ ಬೆಂಗಳೂರಿನಲ್ಲಿ)

ನಮಸ್ತೆ ಮೇಡಂ. ಅಪ್ಪನಿಗೆ 63 ವರ್ಷ. ಊರಲ್ಲಿ ಅಪ್ಪ, ಅಮ್ಮ ಇಬ್ಬರೇ. ಎರಡು ತಿಂಗಳಿಂದ ಅಪ್ಪ ತೋಟದಿಂದ ಮನೆಗೆ ಏರು ಹತ್ತಿ ಬರುವಾಗ ನಡುವೆ ನಿಲ್ಲುತ್ತಾರಂತೆ. ಎದೆ ಬಿಗಿ ಹಿಡಿದ ಹಾಗೆ ಆಗುತ್ತದೆ. ಎರಡು ನಿಮಿಷ ನಿಂತರೆ ಸರಿ ಹೋಗುತ್ತದೆ. ಕೇಳಿದರೆ "ದಾಲ ಇಜ್ಜಿ, ಗ್ಯಾಸ್" ಅಂತಾರೆ. ಬೆಳಿಗ್ಗೆ ಜೀರಿಗೆ ಕಷಾಯ, ರಾತ್ರಿ ಮೆಡಿಕಲ್‌ನಿಂದ ತಂದ ಗ್ಯಾಸ್ ಮಾತ್ರೆ. ನಾನು ಡಾಕ್ಟರ ಮಾತೆತ್ತಿದರೆ ಫೋನನ್ನು ಅಮ್ಮನ ಕೈಗೆ ಕೊಟ್ಟು ಅಂಗಳಕ್ಕೆ ಹೋಗುತ್ತಾರೆ. ಬೈದೂ ಆಯ್ತು, ಅತ್ತೂ ಆಯ್ತು. ಯಾಕೆ ಇಷ್ಟು ಹಠ?

ಉತ್ತರ

ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಏರು ಹತ್ತುವಾಗ ಬಂದು, ನಿಂತರೆ ಹೋಗುವ ಎದೆಬಿಗಿತವನ್ನು ಗ್ಯಾಸ್ ಅಂತ ಬಿಡುವ ಹಾಗಿಲ್ಲ. ಹೃದಯಕ್ಕೆ ರಕ್ತ ಸಾಲುತ್ತಿಲ್ಲವೇನೋ ಅಂತಲೇ ಮೊದಲು ನೋಡಬೇಕು. ಈ ವಾರವೇ ತೋರಿಸಿ. ಸುಮ್ಮನೆ ಕೂತಿರುವಾಗಲೂ ಬಂತು, ಹತ್ತು ನಿಮಿಷವಾದರೂ ಇಳಿಯಲಿಲ್ಲ, ಬೆವರು ಬಂತು, ಎಡಗೈಗೋ ದವಡೆಗೋ ನೋವು ಹರಿಯಿತು ಅಂದರೆ 108ಕ್ಕೆ ಫೋನ್ ಮಾಡಬೇಕು. "ಬೆಳಿಗ್ಗೆ ನೋಡುವ" ಅನ್ನಬಾರದು. ಇದನ್ನು ಅಮ್ಮನಿಗೆ ಇವತ್ತೇ ಹೇಳಿ.

ಇನ್ನು ನಿಮ್ಮ "ಯಾಕೆ". ದಯವಿಟ್ಟು ಹಠ ಅನ್ನಬೇಡಿ. ಇಷ್ಟು ವರ್ಷದಲ್ಲಿ ನಾನು ನೋಡಿದ್ದರಲ್ಲಿ ನಿಜವಾದ ಹಠ ಬಹಳ ಕಡಿಮೆ. ಇರುವುದು ಹೆದರಿಕೆ. ಅದೂ ಸೂಜಿಯ ಹೆದರಿಕೆ ಅಲ್ಲ, ಡಾಕ್ಟರ್ ಬಾಯಿಂದ ಹೊರಬೀಳುವ ಹೆಸರಿನ ಹೆದರಿಕೆ. ಮನೆಯಲ್ಲಿ ಇರುವವರೆಗೆ ಅದು ಗ್ಯಾಸ್. ಕ್ಲಿನಿಕ್ಕಿಗೆ ಹೋದ ಮೇಲೆ ಅದು ಹಾರ್ಟ್. ಹಾರ್ಟ್ ಅಂದ ಮೇಲೆ ಆಸ್ಪತ್ರೆ, ಬಿಲ್ಲು, ಮಗಳ ರಜೆ, ತೋಟಕ್ಕೆ ನೀರು ಬಿಡುವವರು ಯಾರು – ಎಲ್ಲ ಒಂದರ ಹಿಂದೆ ಒಂದು ಬರುತ್ತದೆ. ನಿಮ್ಮ ಅಪ್ಪ ರಾತ್ರಿ ಮಲಗಿಕೊಂಡು ಈ ಲೆಕ್ಕವನ್ನೆಲ್ಲ ಹಾಕಿ ಆಗಿದೆ. ನಿಮಗೆ ಹೇಳಿಲ್ಲ, ಅಷ್ಟೇ.

ಹಾಗಾಗಿ "ಯಾಕೆ ಹೋಗುವುದಿಲ್ಲ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಗೋಡೆ ಎಬ್ಬಿಸುತ್ತಾರೆ. "ಅಪ್ಪ, ಹೋದರೆ ಎಂತ ಆಗಬಹುದು ಅಂತ ನಿಮಗೆ ಅನ್ನಿಸ್ತದೆ?" ಅಂತ ಕೇಳಿ, ಆಮೇಲೆ ಸುಮ್ಮನಿರಿ. ಫೋನಿನಲ್ಲಿ ಬೇಡ. ಈ ಶನಿವಾರವೇ ಬಸ್ಸು ಹತ್ತಿ ಬನ್ನಿ. ಎದುರು ಬದುರು ಕೂತು ಕೇಳುವುದಕ್ಕಿಂತ, ಅವರ ಜೊತೆ ಅಡಿಕೆ ಸುಲಿಯುತ್ತಾ ಕೇಳುವುದು ಒಳ್ಳೆಯದು. ಕೈಗೆ ಕೆಲಸ ಇದ್ದಾಗ ನಮ್ಮ ಕಡೆಯ ಗಂಡಸರ ಬಾಯಿ ತೆರೆಯುತ್ತದೆ.

ಕೇಳುವುದನ್ನೂ ಸಣ್ಣದು ಮಾಡಿ. "ಫುಲ್ ಚೆಕಪ್" ಅನ್ನಬೇಡಿ, ಆ ಮಾತಿಗೇ ಅರ್ಧ ಜನ ಓಡುತ್ತಾರೆ. "ಒಂದು ಇಸಿಜಿ ಮಾತ್ರ. ಹತ್ತು ನಿಮಿಷ. ಆಮೇಲೆ ಮನೆಗೆ ಬರುವ. ಮುಂದಿನದ್ದು ನೀವು ಒಪ್ಪದೆ ಯಾರೂ ಮಾಡುವುದಿಲ್ಲ" ಅನ್ನಿ. ಹಾಗೆ ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಬೇಕು. ಇಸಿಜಿ ಅಂತ ಕರೆದುಕೊಂಡು ಹೋಗಿ ಅಲ್ಲೇ ಅಡ್ಮಿಟ್ ಮಾಡಿಸಿದ ಮಕ್ಕಳನ್ನು ನೋಡಿದ್ದೇನೆ. ತುರ್ತು ಇದ್ದಾಗ ಬೇರೆ ದಾರಿ ಇರುವುದಿಲ್ಲ, ನಿಜ. ಆಗಲೂ ಅದನ್ನು ಅವರಿಗೇ ಬಿಡಿಸಿ ಹೇಳಬೇಕು, ಬೆನ್ನ ಹಿಂದೆ ನಿರ್ಧರಿಸಬಾರದು. ಮೋಸ ಹೋದೆ ಅನ್ನಿಸಿದವರು ಮತ್ತೆ ಬರುವುದಿಲ್ಲ.

ಡಾಕ್ಟರಿಗೆ "ಏರು ಹತ್ತುವಾಗ ಬರುತ್ತದೆ, ನಿಂತರೆ ಹೋಗುತ್ತದೆ" ಅಂತ ಇದೇ ಮಾತಿನಲ್ಲಿ ಹೇಳಿ. ಹೃದಯದ ತೊಂದರೆ ಇದ್ದರೂ ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಬರಬಹುದು. ಅದನ್ನು ನೋಡಿ "ಹೇಳಿದೆನಲ್ಲ, ಗ್ಯಾಸ್" ಅಂತ ಅಪ್ಪ ಎದ್ದು ಬಂದರೆ ಕಷ್ಟ.

ಮಕ್ಕಳ ಮಾತಿಗಿಂತ ಸ್ನೇಹಿತರ ಮಾತು ಕೆಲವೊಮ್ಮೆ ಬೇಗ ನಡೆಯುತ್ತದೆ. ಅಪ್ಪನ ಜೊತೆ ಕಂಬಳಕ್ಕೆ ಹೋಗುವವರೋ, ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿಸಿಕೊಂಡು ಈಗ ಆರಾಮಾಗಿ ಓಡಾಡುವ ಭಾವನೋ ಯಾರಾದರೂ ಇದ್ದಾರಾ? ಅವರನ್ನು ಒಂದು ಸಂಜೆ ಮನೆಗೆ ಬರಹೇಳಿ.

ಒಂದು ಮಾತು ನಮ್ಮ ಬಗ್ಗೆಯೂ ಹೇಳಬೇಕು. ಜನ ದೂರ ಉಳಿಯುವುದಕ್ಕೆ ಡಾಕ್ಟರುಗಳ ಬೈಗುಳವೂ ದೊಡ್ಡ ಕಾರಣ. ಕ್ಲಿನಿಕ್ ಶುರು ಮಾಡಿದ ಹೊಸತರಲ್ಲಿ ಒಬ್ಬರು ಸಕ್ಕರೆ ಕಾಯಿಲೆಯವರು ಬಂದಿದ್ದರು. ಕಾಲಿಗೆ ಹಳೆಯ ಲುಂಗಿಯ ಬಟ್ಟೆ ಸುತ್ತಿದ್ದರು. ಬಿಚ್ಚಿದರೆ ಹೆಬ್ಬೆರಳು ಕಪ್ಪಾಗಿತ್ತು, ಮೇಲೆ ಅರಿಶಿನ ಒಣಗಿ ಹಿಡಿದಿತ್ತು. "ಇಷ್ಟು ದಿನ ಎಂತ ಮಾಡ್ತಿದ್ರಿ?" ಅಂತ ನಾನು ದೊಡ್ಡ ಸ್ವರದಲ್ಲಿ ಕೇಳಿದೆ. ಅವರು ಏನೂ ಹೇಳಲಿಲ್ಲ. ಆ ಬಟ್ಟೆಯನ್ನು ನಿಧಾನಕ್ಕೆ ಮಡಚಿ ಕಿಸೆಗೆ ಹಾಕಿಕೊಂಡರು. ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟ ಚೀಟಿ ತೆಗೆದುಕೊಂಡು ಹೋದರು. ಅಲ್ಲಿಗೆ ಹೋಗಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಆ ದಿನದಿಂದ ನಾನು ಮೊದಲು ಹೇಳುವ ಮಾತು "ಬಂದದ್ದು ಒಳ್ಳೆಯದಾಯ್ತು" ಅಂತ. ಬೈಯುವ ಡಾಕ್ಟರ್ ಸಿಕ್ಕಿದರೆ ಬೇರೆ ಡಾಕ್ಟರ ಹತ್ತಿರ ಹೋಗಿ. ಹೋಗುವುದನ್ನೇ ಬಿಡಬೇಡಿ.

ಪ್ರಶ್ನೆ – ಮಲ್ಪೆ

ಡಾಕ್ಟ್ರೇ, ಆ ಅಪ್ಪನ ಹಾಗೆ ನಾನೂ ಹೋಗದವನೇ. 41 ವರ್ಷ, ಆಳಸಮುದ್ರದ ಬೋಟಿನಲ್ಲಿ ಕೆಲಸ. ಒಂದು ಕ್ಯಾಂಪಿನಲ್ಲಿ ನೋಡಿದಾಗ ಬಿಪಿ 160/100 ಇತ್ತು. ನನಗೆ ಏನೂ ಆಗ್ತಿಲ್ಲ. ಮಾತ್ರೆ ಶುರು ಮಾಡಿದರೆ ಸಾಯುವವರೆಗೆ ಬಿಡ್ಲಿಕ್ಕಿಲ್ಲ ಅಂತಾರೆ. ಬೋಟು ಹೊರಟರೆ ಹತ್ತು ದಿನ ನೀರಲ್ಲೇ. ಅದಕ್ಕೇ ಸುಮ್ನೆ ಇದ್ದೇನೆ.

ಉತ್ತರ

ಅಣ್ಣ, ಬರೆದದ್ದಕ್ಕೆ ಥ್ಯಾಂಕ್ಸ್. ಇದನ್ನು ಬರೆಯುವುದೂ ಸುಲಭವಲ್ಲ.

ಮಾತ್ರೆ ಶುರು ಮಾಡಿದ್ದರಿಂದ ಬಿಡಲಿಕ್ಕೆ ಆಗುವುದಿಲ್ಲ ಅನ್ನುವುದು ಸರಿಯಲ್ಲ. ಬಿಪಿ ಬಿಡುವುದಿಲ್ಲ, ಅದಕ್ಕೆ ಮಾತ್ರೆ ಬೇಕಾಗುತ್ತದೆ. ಮಾತ್ರೆ ತೆಗೆದುಕೊಳ್ಳದಿದ್ದರೂ ಬಿಪಿ ಅಲ್ಲೇ ಇರುತ್ತದೆ. ಏನೂ ಆಗದ ಹಾಗೆ ಕಾಣುತ್ತಾ ಕಿಡ್ನಿ, ಹೃದಯ, ಮೆದುಳಿನ ರಕ್ತನಾಳವನ್ನು ಸವೆಸುತ್ತದೆ. ಉಪ್ಪು, ತೂಕ, ಕುಡಿತ ಕಡಿಮೆಯಾದರೆ ಮಾತ್ರೆಯ ಅಳತೆ ಇಳಿಸಬಹುದು. ಕೆಲವರಿಗೆ ನಿಲ್ಲಿಸಿಯೂ ಇದೆ. ನಿಮ್ಮಷ್ಟಕ್ಕೆ ನಿಲ್ಲಿಸಬಾರದು, ಅಷ್ಟೇ.

ಮೊದಲ ಭೇಟಿಗೇ ಮಾತ್ರೆ ನುಂಗಬೇಕು ಅಂತ ಹೆದರಬೇಡಿ. ಕ್ಯಾಂಪಿನ ಗಲಾಟೆಯಲ್ಲಿ, ಬಿಳಿ ಕೋಟು ನೋಡಿ ಬಿಪಿ ಏರುವುದು ಉಂಟು. ಎರಡು ಮೂರು ಸಲ, ಬೇರೆ ಬೇರೆ ದಿನ ನೋಡಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗು ಕೊಟ್ಟು, ಕಾಲು ನೆಲಕ್ಕೆ ಊರಿ, ಕೈ ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಅದಕ್ಕೂ ಅರ್ಧ ಗಂಟೆ ಮೊದಲು ಚಾ, ಬೀಡಿ ಬೇಡ. ಕ್ಲಿನಿಕ್ಕಿನಲ್ಲಿ 140/90, ಮನೆಯಲ್ಲಿ 135/85 – ಇದರ ಮೇಲೆಯೇ ನಿಂತರೆ ಬಿಪಿ ಇದೆ ಅಂತ ಲೆಕ್ಕ.

ಮೀನುಗಾರಿಕೆ ನಿಷೇಧದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಡದಲ್ಲೇ ಇರುತ್ತದಲ್ಲ, ಮಾತ್ರೆಯ ಅಳತೆ ಹೊಂದಿಸಲು ಅದು ಒಳ್ಳೆಯ ಸಮಯ. ಆದರೆ ತೋರಿಸಲಿಕ್ಕೆ ಅಲ್ಲಿವರೆಗೆ ಕಾಯಬೇಡಿ. ಮುಂದಿನ ಸಲ ದಡಕ್ಕೆ ಬಂದಾಗಲೇ ಬನ್ನಿ. ಬಿಪಿ, ಶುಗರಿನ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಒಂದು ತಿಂಗಳದ್ದು ತೆಗೆದುಕೊಂಡು, ನೀರು ಹೋಗದ ಡಬ್ಬಿಯಲ್ಲಿ ಹಾಕಿ ತಾಂಡೇಲರ (ಬೋಟು ನಡೆಸುವವರ) ಕ್ಯಾಬಿನ್ನಿನಲ್ಲಿ ಇಡಿ. ಬೋಟಿನಲ್ಲಿ ಗಂಜಿಗೆ ಒಣಮೀನು, ಉಪ್ಪಿನಕಾಯಿ ದಿನಾ ಅಂತ ನನಗೆ ಗೊತ್ತು. ಉಪ್ಪಿನಕಾಯಿ ಒಂದನ್ನಾದರೂ ಬಿಡಿ.

ಪ್ರಶ್ನೆ – ಮಂಗಳೂರು

ಇಲ್ಲೊಂದು ಬೇರೆ ಅನುಮಾನ. ಜ್ವರಕ್ಕೆ ಮೆಡಿಕಲ್‌ನಲ್ಲಿ ಹೇಳಿ ಮಾತ್ರೆ ತಗೊಂಡರೆ ಎರಡು ದಿನದಲ್ಲಿ ಹೋಗುತ್ತದೆ. ಡಾಕ್ಟರ ಹತ್ತಿರ ಹೋದರೆ ಹತ್ತು ಟೆಸ್ಟ್ ಬರೆಯುತ್ತಾರೆ. ಹೋಗದಿರುವುದರಲ್ಲಿ ತಪ್ಪೇನು?

ಉತ್ತರ

ಎಷ್ಟೋ ಜ್ವರ ತಾನಾಗಿಯೇ ಹೋಗುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಕರಾವಳಿಯ ಮಳೆಗಾಲ ಬೇರೆ. ಮಂಗಳೂರಿನಲ್ಲಿ ಮಲೇರಿಯಾ ಹಳೆಯ ನಂಟು. ಡೆಂಗ್ಯೂ ಇದೆ. ಗದ್ದೆ ಕೆಲಸದವರಿಗೆ ಇಲಿಜ್ವರ ಇದೆ. ಇಲಿಜ್ವರಕ್ಕೆ ಬೇಗ ಬಂದರೆ ಕಡಿಮೆ ಬೆಲೆಯ ಮಾತ್ರೆ ಸಾಕಾಗಬಹುದು. ತಡವಾದರೆ ಕಿಡ್ನಿಗೆ ಹೋಗಿ ಡಯಾಲಿಸಿಸ್‌ವರೆಗೆ ಬರುತ್ತದೆ. ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಅಂದರೆ ಅದೇ ದಿನ ಬನ್ನಿ. ಮೈಕೈ ನೋವಿಗೆ ಅಂತ ಕೊಡುವ ಪೇನ್ ಕಿಲ್ಲರ್ ಡೆಂಗ್ಯೂ ಇದ್ದಾಗ ರಕ್ತಸ್ರಾವ ಜಾಸ್ತಿ ಮಾಡಬಹುದು. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆಯದನ್ನು ಕೇಳಿ ತಗೊಳ್ಳಬೇಡಿ.

ಟೆಸ್ಟಿನ ವಿಷಯ: "ಇದರ ರಿಪೋರ್ಟ್ ಬಂದರೆ ನನ್ನ ಔಷಧಿ ಬದಲಾಗುತ್ತದಾ?" ಅಂತ ಡಾಕ್ಟರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು. ಮಲೇರಿಯಾದ ರಕ್ತಪರೀಕ್ಷೆಯಂತೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಪ್ರಶ್ನೆ – ಸುರತ್ಕಲ್

ಮೇಡಂ, ನಮ್ಮ ಪಕ್ಕದ ಮನೆಯ ಅಕ್ಕನ ಬಗ್ಗೆ. 50 ದಾಟಿದೆ, ಬೀಡಿ ಕಟ್ಟುತ್ತಾರೆ. ಎದೆಯಲ್ಲಿ ಗಂಟು ಇದೆ ಅಂತ ನನಗೊಬ್ಬಳಿಗೇ ಹೇಳಿದ್ದಾರೆ. ನೋವಿಲ್ಲವಂತೆ. "ಯಾರಿಗೂ ಹೇಳಬೇಡ, ಮಗಳ ಮದುವೆ ಆಗಲಿ" ಅಂತಾರೆ. ದುಡ್ಡಿಲ್ಲ, ಗಂಡಸು ಡಾಕ್ಟರ್ ಇದ್ದರೆ ನಾಚಿಕೆ, ಒಂದು ದಿನ ಹೋದರೆ ಬೀಡಿ ಲೆಕ್ಕ ತಪ್ಪುತ್ತದೆ. ನಾನು ಎಂತ ಮಾಡಲಿ?

ಉತ್ತರ

ಇದನ್ನು ಓದಿ ಸ್ವಲ್ಪ ಹೊತ್ತು ಕೂತೆ. ನನ್ನ ದೊಡ್ಡಮ್ಮನದ್ದೂ ಇದೇ ಕತೆ. ಆಗ ನಾನು ಮೆಡಿಕಲ್ ಓದುತ್ತಿದ್ದೆ. ರಜೆಗೆ ಹೋದರೆ ನನ್ನ ಪಕ್ಕದಲ್ಲೇ ಮಲಗುತ್ತಿದ್ದರು. ಎಂಟು ತಿಂಗಳು ಹೇಳಲಿಲ್ಲ. "ನಿನ್ನ ಪರೀಕ್ಷೆ ಹಾಳಾಗಬಾರದು ಅಂತ" ಅಂದರು ಆಮೇಲೆ. ನಮ್ಮ ಹೆಂಗಸರು ಎಲ್ಲವನ್ನೂ ಬೇರೆಯವರ ಮದುವೆ, ಪರೀಕ್ಷೆ, ಬಾಣಂತನ ಮುಗಿಯಲಿ ಅಂತ ಮುಂದೆ ಹಾಕುತ್ತಾರೆ.

ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಆದರೆ ಅಕ್ಕನಿಗೆ ಇನ್ನೊಂದು ಮಾತೂ ಹೇಳಿ: ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅದು ನಿಜ, ಸುಮ್ನೆ ಧೈರ್ಯಕ್ಕೆ ಹೇಳುವುದಲ್ಲ. ಯಾವುದು ಅಂತ ಗೊತ್ತಾಗಬೇಕಾದರೆ ತೋರಿಸಲೇಬೇಕು, ಮತ್ತು ಅವರ ವಯಸ್ಸಿನಲ್ಲಿ ತಡಮಾಡುವ ಹಾಗಿಲ್ಲ.

ನೀವೇ ಜೊತೆಗೆ ಹೋಗಿ. ನಿಮಗೊಬ್ಬಳಿಗೇ ಹೇಳಿದ್ದಾರೆ ಅಂದರೆ ನಿಮ್ಮನ್ನೇ ಕೇಳಿದ್ದಾರೆ ಅಂತ ಅರ್ಥ. ಹಿಂದಿನ ದಿನ ಸಂಜೆ ಒಂದು ಗಂಟೆ ಅವರ ಜೊತೆ ಕೂತು ಎಲೆ ಕತ್ತರಿಸಿಕೊಡಿ, ಲೆಕ್ಕ ತಪ್ಪುವುದಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೆಂಗಸು ಡಾಕ್ಟರ್ ಎಲ್ಲಿ, ಯಾವ ದಿನ ಸಿಗುತ್ತಾರೆ ಅಂತ ಹೇಳುತ್ತಾರೆ. ಮಂಗಳೂರಿನ ವೆನ್‌ಲಾಕ್ 1848ರಿಂದ ಇರುವ ಸರ್ಕಾರಿ ಆಸ್ಪತ್ರೆ, ಅಲ್ಲಿಗೂ ಹೋಗಬಹುದು. ಪರೀಕ್ಷೆ ಮಾಡುವಾಗ ನೀವು ಒಳಗೇ ಇರುತ್ತೀರಿ ಅಂತ ಕೇಳಿಕೊಳ್ಳಿ.

ದುಡ್ಡಿಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರಿಗೂ. ಸರ್ಕಾರಿ ಆಸ್ಪತ್ರೆಯಲ್ಲೇ ಶುರು ಮಾಡಿ. ಅಲ್ಲಿ ಆಗದ್ದಕ್ಕೆ ಅವರೇ ಬೇರೆ ಕಡೆಗೆ ಬರೆದುಕೊಡುತ್ತಾರೆ. ನೇರವಾಗಿ ಖಾಸಗಿಗೆ ಹೋಗಿ ಅಡ್ಮಿಟ್ ಆದ ಮೇಲೆ ಕಾರ್ಡ್ ತೋರಿಸಿದರೆ ತೊಂದರೆಯಾಗುತ್ತದೆ. ರೇಷನ್ ಕಾರ್ಡ್, ಆಧಾರ್ ಎರಡೂ ಕೈಚೀಲದಲ್ಲಿರಲಿ.

ಇನ್ನೊಂದು. ಡಾಕ್ಟರ ಎದುರು ಅವರು ಮಂಡಿ ನೋವಿನ ಬಗ್ಗೆಯೇ ಮಾತಾಡಿ ಎದ್ದುಬಿಡಬಹುದು. ನನ್ನ ಕ್ಲಿನಿಕ್ಕಿನಲ್ಲಿ ಇದು ಬಹಳ ಸಲ ಆಗುತ್ತದೆ. ಚೀಟಿ ತಗೊಂಡು, ಚಪ್ಪಲಿ ಹಾಕಿ, ಬಾಗಿಲಿಗೆ ಕೈ ಇಟ್ಟು "ಮತ್ತೆ... ಒಂದು ಸಣ್ಣ ಸಂಗತಿ" ಅಂತಾರೆ. ಬಂದದ್ದೇ ಅದಕ್ಕೆ ಆಗಿರುತ್ತದೆ. ಹಾಗೆ ಆಗದಿರಲು ಒಂದು ಚೀಟಿಯಲ್ಲಿ "ಎದೆಯಲ್ಲಿ ಗಂಟು, ಇಷ್ಟು ತಿಂಗಳಿಂದ" ಅಂತ ಬರೆದು ಕೂತ ಕೂಡಲೇ ಕೊಡಿ. ಬಾಯಿಬಿಟ್ಟು ಹೇಳಬೇಕು ಅಂತಿಲ್ಲ.

ಪರ್ಕಳದವರು, ಒಂಬತ್ತು ದಿನದ ನಂತರ

ಮೇಡಂ, ಶನಿವಾರ ಊರಿಗೆ ಬಂದೆ. ನೀವು ಹೇಳಿದ ಹಾಗೆ ಅಡಿಕೆ ಸುಲಿಯುವಾಗ ಕೇಳಿದೆ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ದೊಡ್ಡಪ್ಪನ ವಿಷಯ ತೆಗೆದರು. ನಾನು ಹುಟ್ಟುವ ಮೊದಲು ಅವರೂ ಹೀಗೇ ಎದೆನೋವು ಅಂತ ಹೋಗಿ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲವಂತೆ. ಕರೆದುಕೊಂಡು ಹೋದದ್ದು ಅಪ್ಪನೇ. ಇಷ್ಟು ವರ್ಷ ನಮಗೆ ಯಾರಿಗೂ ಹೇಳಿರಲಿಲ್ಲ. ಸೋಮವಾರ ಇಸಿಜಿಗೆ ಬಂದರು. ಅದು ಸರಿಯಿತ್ತು. ಆದರೆ ಏರು ಹತ್ತುವ ವಿಷಯ ಹೇಳಿದ್ದಕ್ಕೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡಿದರು. ಈಗ ಆಂಜಿಯೋಗ್ರಾಮ್ (ಹೃದಯದ ರಕ್ತನಾಳ ಕಟ್ಟಿದೆಯಾ ಅಂತ ನೋಡುವ ಪರೀಕ್ಷೆ) ಬೇಕು ಅಂದಿದ್ದಾರೆ. ಅಪ್ಪ ಮುಂದಿನ ಗುರುವಾರಕ್ಕೆ ಒಪ್ಪಿದ್ದಾರೆ. ಒಳಗೆ ಹೆದರಿಕೆ ಇದೆ.

ಉತ್ತರ

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅಣ್ಣನನ್ನು ಕರೆದುಕೊಂಡು ಹೋಗಿ ಒಬ್ಬರೇ ವಾಪಸ್ ಬಂದವರಿಗೆ ಆ ಬಾಗಿಲು ದಾಟುವುದು ಎಷ್ಟು ಕಷ್ಟ ಅಂತ ಅರ್ಥವಾಗುತ್ತದೆ.

ದೊಡ್ಡಪ್ಪನ ಕಾಲಕ್ಕೂ ಈಗಿನದಕ್ಕೂ ಬಹಳ ವ್ಯತ್ಯಾಸ ಇದೆ ಅಂತ ಹೇಳಿ. ಆಂಜಿಯೋಗ್ರಾಮ್ ಈಗ ಹೆಚ್ಚಾಗಿ ಮಣಿಕಟ್ಟಿನ ರಕ್ತನಾಳದಿಂದಲೇ ಮಾಡುತ್ತಾರೆ. ಮಾಡುವಾಗ ಎಚ್ಚರ ಇರುತ್ತದೆ, ಡಾಕ್ಟರ ಜೊತೆ ಮಾತಾಡಬಹುದು. ಅಲ್ಲೇ ಸ್ಟೆಂಟ್ ಹಾಕುವ ಪ್ರಸಂಗ ಬಂದರೆ ಏನು ಮಾಡುವುದು ಅಂತ ಅಪ್ಪ, ಅಮ್ಮ, ನೀವು ಮೂವರೂ ಬುಧವಾರ ರಾತ್ರಿಯೇ ಕೂತು ಮಾತಾಡಿಕೊಳ್ಳಿ. ಅಲ್ಲಿಯವರೆಗೆ ಏರು ಹತ್ತುವುದು ಬೇಡ, ತೋಟದ ನೀರಿಗೆ ಯಾರನ್ನಾದರೂ ಹೇಳಿ ಇಡಿ. ತೆಗೆದುಕೊಳ್ಳುತ್ತಿರುವ ಗ್ಯಾಸ್ ಮಾತ್ರೆಯ ಸ್ಟ್ರಿಪ್ಪನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಜೀರಿಗೆ ಕಷಾಯ ಕುಡಿಯಲಿ, ಅದರಿಂದ ತೊಂದರೆ ಇಲ್ಲ.