ಎದೆಯ ಮೇಲೆ ಕೈಯಿಟ್ಟರೆ ಕೆಲವರಿಗೆ ಸಂಕಟವೇ ಹೆಚ್ಚುತ್ತಿದೆ, ಅಭ್ಯಾಸ ನಿಲ್ಲಿಸಬೇಕೇ?

ಚಿಂಚವಾಡ್_ಬಳಗ

ನಮಸ್ಕಾರ. ಪಿಂಪ್ರಿ-ಚಿಂಚವಾಡ್ ಕಡೆಯ ಕನ್ನಡಿಗರಿಗಾಗಿ ನಡೆಯುವ ಭಾನುವಾರದ ಗುಂಪಿನ ಬಗ್ಗೆ ಕೇಳುತ್ತಿದ್ದೇನೆ. ಬರುವವರು 30ರಿಂದ 60 ವಯಸ್ಸಿನವರು. ಕಂಪನಿ ಕೆಲಸದವರಿದ್ದಾರೆ, ಹಾಸಿಗೆ ಹಿಡಿದ ಅತ್ತೆ-ಮಾವನನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ನಡೆಸುವವರು ತರಬೇತಿ ಪಡೆದ ಕೌನ್ಸೆಲರ್‌ಗಳು. ಸೆಲ್ಫ್ ಕಂಪ್ಯಾಶನ್ ಅಭ್ಯಾಸ, ಅಂದರೆ ಸೋತಾಗ, ನೊಂದಾಗ ನಮ್ಮನ್ನು ನಾವೇ ಕರುಣೆಯಿಂದ ಕಾಣುವುದು, ಶುರುವಾದ ಮೇಲೆ ಮೂರು ತೊಡಕು ಎದ್ದಿವೆ.

ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಹಾಯೆನಿಸುವ ಬದಲು ಎದೆ ಬಿಗಿಯುತ್ತದೆ, ಅಳು ಒತ್ತರಿಸಿ ಬರುತ್ತದೆ. ಇನ್ನು ಕೆಲವರು "ನನ್ನನ್ನು ನಾನೇ ಬೈದುಕೊಳ್ಳದಿದ್ದರೆ ಕೆಲಸ ಮುಂದಕ್ಕೇ ಹೋಗಲ್ಲ" ಅಂತ ಪಟ್ಟು ಹಿಡಿಯುತ್ತಾರೆ. ಮೂರನೆಯದು, ಈ ಕರುಣೆಯನ್ನು ಅಳೆಯಲು ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ ರೂಪಿಸಿದ ಪ್ರಶ್ನಾವಳಿಯಲ್ಲಿ ಅಂಕ ಏರಿದವರಿಗೂ ನಿದ್ದೆ, ಬೇಸರ ಮೊದಲಿದ್ದ ಹಾಗೇ ಇವೆ. ನಿಲ್ಲಿಸಬೇಕೋ, ಬದಲಿಸಬೇಕೋ?

ಮಾಟುಂಗಾ_ಮನೋವಿಜ್ಞಾನ

ನಿಲ್ಲಿಸಬೇಡಿ, ಪ್ರಮಾಣ ಇಳಿಸಿ.

ಮೊದಲ ತೊಡಕಿಗೆ ಬ್ಯಾಕ್‌ಡ್ರಾಫ್ಟ್ ಅನ್ನುತ್ತಾರೆ. ಕ್ರಿಸ್ಟಿನ್ ನೆಫ್ ಮತ್ತು ಕ್ರಿಸ್ಟೊಫರ್ ಗರ್ಮರ್ ರೂಪಿಸಿದ 8 ವಾರಗಳ ಸೆಲ್ಫ್ ಕಂಪ್ಯಾಶನ್ ತರಬೇತಿಯಲ್ಲಿ ಇದರ ಬಗ್ಗೆ ಮುಂಚೆಯೇ ತಿಳಿಸುತ್ತಾರೆ. ಒಳಗೆ ಬೆಂಕಿ ಹೊಗೆಯಾಡುತ್ತಿರುವ ಕೋಣೆಯ ಬಾಗಿಲನ್ನು ಒಮ್ಮೆಲೇ ತೆರೆದರೆ ಗಾಳಿ ನುಗ್ಗಿ ಜ್ವಾಲೆ ಹೊರಕ್ಕೆ ಚಿಮ್ಮುತ್ತದಲ್ಲ, ಅಗ್ನಿಶಾಮಕ ದಳದವರ ಆ ಮಾತನ್ನೇ ಅವರು ಎತ್ತಿಕೊಂಡಿದ್ದಾರೆ. ವರ್ಷಗಟ್ಟಲೆ ಅದುಮಿಟ್ಟ ನೋವಿಗೆ ದಿಢೀರನೆ ಅಕ್ಕರೆ ಸಿಕ್ಕಾಗ ಮೊದಲು ಹೊರಗೆ ಬರುವುದು ನೋವೇ.

ಕಾರಣವನ್ನು ಬ್ರಿಟನ್ನಿನ ಮನೋವಿಜ್ಞಾನಿ ಪಾಲ್ ಗಿಲ್ಬರ್ಟ್ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಅಪಾಯ ಕಂಡರೆ ಎಚ್ಚರಾಗುವುದು, ಬೇಕಾದ್ದರ ಹಿಂದೆ ಓಡುವುದು, ನೆಮ್ಮದಿಯಿಂದ ತಣಿಯುವುದು: ಮನಸ್ಸಿನಲ್ಲಿ ಈ ಮೂರು ವ್ಯವಸ್ಥೆಗಳಿವೆ. ಚಿಕ್ಕಂದಿನಲ್ಲಿ ಎತ್ತಿ ಮುದ್ದಿಸಿದವರೇ ಹೊಡೆದವರೂ ಆಗಿದ್ದರೆ, ಮೂರನೆಯದನ್ನು ತಟ್ಟಿದ ಕೂಡಲೇ ಮೊದಲನೆಯದು ಎದ್ದು ಕೂರುತ್ತದೆ. ಅಂಥವರಿಗೆ "ಇನ್ನೂ ಆಳಕ್ಕೆ ಹೋಗಿ" ಅನ್ನಲೇಬಾರದು.

ಕಣ್ಣು ತೆರೆದೇ ಇರಲಿ, ದೃಷ್ಟಿ ನಾಲ್ಕಡಿ ಮುಂದಿನ ನೆಲದ ಮೇಲೆ. ಚಪ್ಪಲಿ ಬಿಟ್ಟು ಅಂಗಾಲು ಟೈಲ್ಸ್ ಮೇಲೂರಿ ಹಿಮ್ಮಡಿ, ಪಾದದ ಅಂಚು, ಬೆರಳು ಹೀಗೆ ಒಂದೊಂದಾಗಿ ಗಮನಿಸಲಿ. ಮೈಯನ್ನು ಮೆಲ್ಲಗೆ ಹಿಂದೆ ಮುಂದೆ ತೂಗಲಿ. ಎರಡು ನಿಮಿಷ ಸಾಕು. ಆಮೇಲೆ ಉಸಿರು: ನಿಮಿಷಕ್ಕೆ ಸುಮಾರು 5ರಿಂದ 6, ಹೊರಬಿಡುವುದು ತುಸು ಉದ್ದ, ಹಿಡಿದಿಡುವುದು ಬೇಡ. ತಲೆ ತಿರುಗಿದರೆ ಮಾಮೂಲಿ ಉಸಿರಿಗೆ ಮರಳಲಿ. ಕೈ ಎದೆಯ ಮೇಲೇ ಇರಬೇಕೆಂದಿಲ್ಲ. ಒಂದು ಅಂಗೈಯಲ್ಲಿ ಇನ್ನೊಂದು, ಇಲ್ಲವೇ ಬಿಸಿ ಚಹಾದ ಲೋಟ ಹಿಡಿದರೂ ಆಯಿತು. ಮೊದಲೆರಡು ವಾರ ಕರುಣೆ ತನ್ನ ಕಡೆ ತಿರುಗುವುದೇ ಬೇಡ. ಇದೇ ಕಷ್ಟದಲ್ಲಿರುವ ಆಪ್ತ ಗೆಳತಿಗೆ ಏನು ಹೇಳುತ್ತೀರಿ, ಯಾವ ದನಿಯಲ್ಲಿ, ಅದನ್ನಷ್ಟೇ ಅಭ್ಯಾಸ ಮಾಡಿಸಿ. ಮೂರನೇ ವಾರದಿಂದ ಅದೇ ಮಾತು, ಅದೇ ದನಿ ತನಗೆ, ಒಂದೇ ನಿಮಿಷ.

ಅಳು ಬಂದರೆ ಅಂಜಬೇಕಿಲ್ಲ. ಆದರೆ ಯಾರಾದರೂ ಮಂಕಾಗಿ ಎಲ್ಲೋ ನೋಡುತ್ತ ಉಳಿದರೆ, ಮೈಯಿಂದ ಹೊರಗಿದ್ದ ಹಾಗೆ ಅನಿಸುತ್ತದೆ ಅಂದರೆ, ಹಳೆಯ ಘಟನೆ ಈಗಲೇ ನಡೆಯುತ್ತಿರುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಅಂಥವರಿಗೆ ಗುಂಪು ಸಾಲದು, ಆಘಾತದ ಚಿಕಿತ್ಸೆ ಗೊತ್ತಿರುವವರ ಬಳಿ ಒಬ್ಬರಾಗಿ ಕೂರಬೇಕು.

ಹಿಂಜವಡಿ_ಕೌನ್ಸೆಲರ್

ಬೈದುಕೊಳ್ಳುವವರ ಜೊತೆ ವಾದಕ್ಕಿಳಿಯಬೇಡಿ. ಆ ಬೈಗುಳ ಅವರನ್ನು ಇಷ್ಟು ದೂರ ತಂದಿದೆ, ಅದನ್ನು ಕಸಿದುಕೊಳ್ಳುತ್ತೀರಿ ಅನ್ನೋ ಭಯ ಅವರದು. ಸಾಕ್ಷ್ಯ ಬೇಕೆಂದರೆ, ಜುಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಅವರ 2012ರ ಪ್ರಯೋಗಗಳಿವೆ. ಕಷ್ಟದ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ ಕರುಣೆಯ ಮಾತು ಸಿಕ್ಕವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. "ನೀನು ಜಾಣ" ಅಂತ ಹೊಗಳಿಸಿಕೊಂಡವರಿಗಿಂತಲೂ ಹೆಚ್ಚು.

ಮಾತಿಗಿಂತ ಹಾಳೆ ಕೊಡಿ. ತಲೆಯಲ್ಲಿ ಕೇಳಿಸುವ ಬೈಗುಳವನ್ನು ಒಂದಕ್ಷರವೂ ನಯ ಮಾಡದೆ ಬರೆಯಲಿ: "ಇಷ್ಟು ವರ್ಷ ಸರ್ವಿಸ್ ಮಾಡಿ ಒಂದು ಮೇಲ್ ನೆಟ್ಟಗೆ ಕಳಿಸಲಿಕ್ಕೆ ಬರಲ್ವಾ, ದಂಡಪಿಂಡ." ಕೆಳಗೆ, ಅದರ ಹಿಂದಿನ ಭಯ: "ಅಪ್ರೈಸಲ್‌ನಲ್ಲಿ ಹೆಸರು ಕೆಡುತ್ತೆ." ಕೊನೆಗೆ ಅದೇ ವಿಷಯ, ಬೇರೆ ದನಿ: "ತಪ್ಪು ಫೈಲ್ ಹೋಗಿದೆ. ನಾಚಿಕೆಯಾಗ್ತಿದೆ, ಯಾರಿಗಾದರೂ ಆಗುತ್ತೆ. ಈಗಲೇ ಮ್ಯಾನೇಜರಿಗೆ ಹೇಳಿ ಸರಿಯಾದ್ದು ಕಳಿಸ್ತೀನಿ, ಇನ್ನುಮೇಲೆ ಮೊದಲು ಫೈಲ್, ಆಮೇಲೆ ವಿಳಾಸ."

ನಡೆದದ್ದು, ಅನಿಸಿದ್ದು, ಮುಂದಿನ ಹೆಜ್ಜೆ ಮೂರೂ ಇರಬೇಕು. ನಡೆದದ್ದನ್ನು ಬಿಟ್ಟರೆ ಬರೀ ಪುಸಲಾಯಿಸಿದ ಹಾಗೆ, ಮನಸ್ಸು ನಂಬಲ್ಲ. ಅನಿಸಿದ್ದನ್ನು ಬಿಟ್ಟರೆ ಅದು ಇನ್ನೊಂದು ಕೆಲಸದ ಪಟ್ಟಿ. ಹೆಜ್ಜೆ ಬಿಟ್ಟರೆ ಒಳಗಿನ ಬೈಯುವವ "ನೋಡಿದ್ಯಾ, ಸೋಮಾರಿ" ಅಂತ ಮತ್ತೆ ಶುರು. ಹತ್ತು ನಿಮಿಷ ಮೀರಬಾರದು. ರಾತ್ರಿ ಹಾಸಿಗೆಯಲ್ಲಿ ಕೂತು ಬರೆದರೆ ಅದೇ ಮೆಲುಕಾಗಿಬಿಡುತ್ತೆ. ಮನೆಮಾತಿನ ಧಾಟಿಯಲ್ಲೇ ಬರೆಸಿ. ಮಂಗಳೂರಿನವರಿಗೆ "ಸಾಕು ಮಾರಾಯ" ಅನ್ನೋದು ತಟ್ಟುವಷ್ಟು ಪುಸ್ತಕದ ಕನ್ನಡ ತಟ್ಟಲ್ಲ.

ವಾಸ್ಕೊ_ಆರೋಗ್ಯ

ಅಂಕದ ಬಗ್ಗೆ ನಾ ಹೇಳ್ತೀನ್ರಿ. ನೆಫ್ ಅವರ 2003ರ ಪ್ರಶ್ನಾವಳಿಯೊಳಗ 26 ಪ್ರಶ್ನಿ ಅದಾವ, ಒಂದೊಂದಕ್ಕ 1ರಿಂದ 5 ಅಂಕ. 13 ಪ್ರಶ್ನಿ ಕರುಣಾದ ಕಡಿ, ಉಳಿದ 13 ತನ್ನನ್ನ ಹಳೀಯೋದು, ಒಂಟಿ ಅನಿಸೋದು, ನೋವಿನಾಗ ಮುಳುಗೋದು. ಈ 13ರ ಅಂಕ ತಿರುವಿ (5 ಇದ್ರ 1, 1 ಇದ್ರ 5 ಮಾಡಿ) ಕೂಡಿಸ್ತಾರ. ಒಟ್ಟು ಅಂಕ ಒಂದನ್ನ ನೋಡಬ್ಯಾಡ್ರಿ, ಎರಡೂ ಬ್ಯಾರೆ ಬ್ಯಾರೆ ಇಟ್ಟು ನೋಡ್ರಿ. ಖಿನ್ನತಿ, ಆತಂಕದ ಜೋಡಿ ಗಟ್ಟಿ ನಂಟಿರೋದು ಈ ಹಳೀಯೋ ಪ್ರಶ್ನಿಗೋಳದು. ನಿಮ್ಮ ಮಂದಿಗೆ ಒಳ್ಳೆ ಮಾತು ಹೇಳಿಕೊಳ್ಳೋದು ಬಂದಿರಬಹುದು, ಬೈಗುಳ ಇನ್ನೂ ನಿಂತಿರಲಿಕ್ಕಿಲ್ಲ.

ಮ್ಯಾಕ್‌ಬೆತ್, ಗಮ್ಲಿ ಅನ್ನೋ ಸಂಶೋಧಕರು 2012ರಾಗ 14 ಅಧ್ಯಯನ ಕೂಡಿಸಿ ನೋಡಿದಾಗ ಕರುಣಾ ಹೆಚ್ಚಿದ್ದಲ್ಲಿ ಮಾನಸಿಕ ತ್ರಾಸು ಕಡಿಮಿ ಇತ್ತು, ನಂಟು -0.54 (-1ರ ಹತ್ರ ಹೋದಂಗ ಉಲ್ಟಾ ನಂಟು ಗಟ್ಟಿ). ಗಟ್ಟಿ ನಂಟ ಅದು. ಆದ್ರ ಯಾವುದರಿಂದ ಯಾವುದು ಅಂತ ಅದು ಹೇಳಂಗಿಲ್ಲ. ಅದಕ್ಕ ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9, ಅಂದ್ರ ಖಿನ್ನತಿ ಅಳಿಯೋ ಒಂಬತ್ತು ಪ್ರಶ್ನಿ ಹಾಳಿ, ಸುದ್ದಾ ತುಂಬಿಸ್ರಿ. 27ಕ್ಕ 10 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರ ಡಾಕ್ಟರ್ ಕಡೆ ಕಳಸ್ರಿ. ಒಂಬತ್ತನೇ ಪ್ರಶ್ನಿ ಸಾಯೋ ವಿಚಾರದ್ದು. ಅದಕ್ಕ ಸೊನ್ನಿ ಬಿಟ್ಟು ಬ್ಯಾರೆ ಏನ್ ಬಂದ್ರೂ ಅವತ್ತೇ ಒಬ್ಬರೇ ಇದ್ದಾಗ ಕೂತು ಮಾತಾಡ್ರಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹಗಲು ರಾತ್ರಿ ಪುಕ್ಕಟೆ ಫೋನ್ ಹಚ್ಚಬಹುದು, ಕನ್ನಡದಾಗೂ ಮಾತಾಡ್ತಾರ. ಗೋವಾದಾಗ ಇದ್ದವರಿಗೆ ಬಾಂಬೋಳಿಯ ಸರಕಾರಿ ಮನೋರೋಗ ಸಂಸ್ಥೆ ಅದ.

ಇನ್ನೊಂದು. "ಎಲ್ಲಾರಿಗೂ ಕಷ್ಟ ಇರ್ತದ" ಅಂತ ನಡೆಸುವವರು ಹೇಳಬಾರದ್ರಿ. ಬಾಗಲಕೋಟಿ, ಗದಗ ಕಡಿಯಿಂದ ಇಲ್ಲಿಗೆ ದುಡಿಲಿಕ್ಕೆ ಬಂದವರಿಗೆ ಅದು "ಸುಮ್ನಿರು" ಅಂದಂಗ ಕೇಳಸ್ತದ. ಬದಲಿಗೆ "ಬಾಡಗಿ ಚಿಂತಿ ಯಾರ್ಯಾರಿಗೆ ಅದ?" ಅಂತ ಕೇಳ್ರಿ. ಕೈ ಎತ್ತಿದವರು ಒಬ್ಬರ ಮಾರಿ ಒಬ್ಬರು ನೋಡ್ಲಿ. ಪಗಾರ ಹಿಡಿದಿಟ್ಟದ್ದೇ ತ್ರಾಸಿದ್ರ, ಮೊದಲು ಆ ಪಗಾರಿನ ದಾರಿ ಹುಡುಕ್ರಿ.

ಚಿಂಚವಾಡ್_ಬಳಗ

ಮೂವರಿಗೂ ವಂದನೆ. ಪಾದದ ಅಭ್ಯಾಸದಿಂದ ಶುರು ಮಾಡುತ್ತೇವೆ. ರೋಗಿಯನ್ನು ನೋಡಿಕೊಳ್ಳುವವರಿಗೆ ಹತ್ತು ನಿಮಿಷವೂ ಬಿಡುವಿಲ್ಲ. ಅವರಿಗೇನು ಹೇಳುವುದು?

ಮಾಟುಂಗಾ_ಮನೋವಿಜ್ಞಾನ

ಅವರಿಗೆ ಬೇರೆ ಸಮಯ ಬೇಡ. ಅತ್ತೆಯ ಬಟ್ಟೆ ಬದಲಿಸುವಾಗ, ತುತ್ತು ಕೊಡುವಾಗ ಉಸಿರು ಒಳಗೆಳೆದುಕೊಳ್ಳುತ್ತಾ "ಇದು ನನಗೆ", ಬಿಡುತ್ತಾ "ಇದು ನಿಮಗೆ" ಅಂದುಕೊಳ್ಳಲಿ. ದಣಿವು ಜಾಸ್ತಿಯಿದ್ದ ದಿನ ಮೂರು ಉಸಿರು ತನಗೆ, ಒಂದು ಅವರಿಗೆ. ಆದರೆ ಇದನ್ನು ಹೇಳಿಕೊಟ್ಟು ಕೈತೊಳೆದುಕೊಳ್ಳಬೇಡಿ. ಮನೆಯವರನ್ನೂ ಒಮ್ಮೆ ಕರೆಸಿ ಮಾತಾಡಿ, ವಾರಕ್ಕೆರಡು ಮಧ್ಯಾಹ್ನ ಮಗನೋ ನಾದಿನಿಯೋ ಆ ಹಾಸಿಗೆಯ ಪಕ್ಕ ಕೂರಲಿ.