ಯುದ್ಧನೌಕೆ, ವಿಮಾನ ಮತ್ತು ನಾವು ನಾಲ್ವರು ಪಿಂಚಣಿದಾರರು

ನಿವೃತ್ತರಾದವರನ್ನೆಲ್ಲ ತಂದು ಕಾರವಾರದ ಕಡಲ ದಂಡೆಯಲ್ಲಿ ಕೂರಿಸೋದು ಸರ್ಕಾರದ ಗುಪ್ತ ಯೋಜನೆ ಇರಬೇಕು ಅನ್ನೋದು ನಮ್ಮ ಗಾಂವಕರನ ವಾದ.

"ನೋಡು ಮಾರಾಯ, ಮೊದಲು ಚಪಲ್ ಯುದ್ಧನೌಕೆ ರಿಟೈರ್ ಆಯ್ತು. 2006ರಲ್ಲಿ ತಂದು ಈ ಹೊಯಿಗೆ ಮೇಲೆ ಕೂರಿಸಿದ್ರು. 2017ರಲ್ಲಿ ಟುಪೊಲೆವ್ ವಿಮಾನ ರಿಟೈರ್ ಆಯ್ತು. ಅದನ್ನ ಅರಕ್ಕೋಣಂನಿಂದ ತುಂಡು ತುಂಡು ಮಾಡಿ ಲಾರಿ ಮೇಲೆ ಹೇರಿ ತಂದು ಇಲ್ಲಿ ಜೋಡಿಸಿದ್ರು. ನಡುವೆ ನಾವು ನಾಲ್ವರು ರಿಟೈರ್ ಆದ್ವಿ. ನಮ್ಮನ್ನ ಯಾರೂ ತರಲಿಲ್ಲ, ನಾವೇ ನಡೆದು ಬಂದ್ವಿ. ಅಷ್ಟೇ ವ್ಯತ್ಯಾಸ."

"ಇನ್ನೊಂದು ವ್ಯತ್ಯಾಸ ಐತಲ್ರೀ," ಅಂದರು ದೇಸಾಯರು. ಹುಬ್ಬಳ್ಳಿಯವರು, ಬ್ಯಾಂಕಿನ ಕೆಲಸಕ್ಕೆ ವರ್ಗವಾಗಿ ಬಂದವರು ಮೀನಿನ ರುಚಿ ಹತ್ತಿ ಇಲ್ಲೇ ಉಳಿದರು. "ಅವನ್ನ ನೋಡಾಕ ಮಂದಿ ಟಿಕೀಟು ತಗೋತಾರ. ನಮ್ಮನ್ನ ಪುಗಸಟ್ಟೆ ತೋರಿಸಿದ್ರೂ ಯಾರೂ ನೋಡಂಗಿಲ್ಲ."

ಅವತ್ತು ಶಾಲೆ ಮಕ್ಕಳ ಎರಡು ಬಸ್ಸು ಬಂದು ನಿಂತಿದ್ದವು. ಮಾಸ್ತರೊಬ್ಬರು ವಿಮಾನದ ಮೂತಿಯ ಕೆಳಗೆ ನಿಂತು, ಇದು ಸಮುದ್ರದ ಮೇಲೆ ಹಾರುತ್ತ ನೀರಿನೊಳಗಿನ ಜಲಾಂತರ್ಗಾಮಿಗಳನ್ನು ಹುಡುಕುತ್ತಿತ್ತು ಅಂತ ಗಂಟಲು ಹರಿಯುವ ಹಾಗೆ ಹೇಳುತ್ತಿದ್ದರು. ಮಕ್ಕಳು ಎಲ್ಲಿ ಕೇಳ್ತಾವೆ? ಚಪ್ಪಲಿ ಕೈಯಲ್ಲಿ ಹಿಡಿದು, ಯೂನಿಫಾರ್ಮಿನ ಚಡ್ಡಿ ತೊಡೆವರೆಗೆ ಸುತ್ತಿಕೊಂಡು, ಅಲೆ ಬಂದಾಗ ಓಡಿ ಬಂದು, ಹೋದಾಗ ಅಟ್ಟಿಸಿಕೊಂಡು ಹೋಗುತ್ತಿದ್ದವು. ಒಬ್ಬ ಹುಡುಗ ಮಾತ್ರ ವಿಮಾನದ ಪಂಖಗಳನ್ನು ಬೆರಳು ಮಡಚಿ ಎಣಿಸುತ್ತಿದ್ದ. ನಾಲ್ಕು ಎಂಜಿನಿಗೆ ಎಂಟು ಪಂಖ ಯಾಕೆ ಅಂತ ಅವನ ಗೊಂದಲ. ಒಂದೊಂದು ಎಂಜಿನಿಗೆ ಎರಡೆರಡು, ಒಂದು ಬಲಕ್ಕೆ ತಿರುಗಿದರೆ ಅದರ ಬೆನ್ನಿಗಿರೋದು ಎಡಕ್ಕೆ. ಥೇಟು ನಮ್ಮ ಗಾಂವಕರ ಮತ್ತು ಭಟ್ರ ಹಾಗೆ.

"ಅದೆಲ್ಲ ಇರಲಿ," ಅಂದರು ಭಟ್ರು. ಶಿರಸಿ ಕಡೆಯವರು, ಎಲೆಯಡಿಕೆ ಬಾಯಲ್ಲಿದ್ದರೆ ಮಾತು ನಿಧಾನ, ಇಲ್ಲದಿದ್ದರೆ ಇನ್ನೂ ನಿಧಾನ. "ನಂಗೆ ಒಂದು ಹೇಳಿ. ಈ ಊರಿಗೆ ಜನ ಎಂತಕ್ಕೆ ಬರ್ತ್ರು?"

"ಬರೋದೇ ಇಲ್ಲ ಭಟ್ರೆ. ಗೋವಾಕ್ಕೆ ಹೋಗ್ತಾರೆ. ಮೂತ್ರಕ್ಕೆ ಇಲ್ಲಿ ಇಳೀತಾರೆ," ಅಂದ ಗಾಂವಕರ. "ಈಗ ಫ್ಲೈಓವರ್ ಬೇರೆ ಆಗಿದೆ. ಅದಕ್ಕೂ ಇಳಿಯೋದಿಲ್ಲ."

ಇದು ಹೊಟ್ಟೆಕಿಚ್ಚಿನ ಮಾತು ಅಂತ ನಾನೆಂದೆ. ಗಾಂವಕರನ ಮನೆಗೆ ಬರುವ ನೆಂಟರೆಲ್ಲ ಒಂದು ಹೊತ್ತು ಅವನ ಮನೆಯಲ್ಲಿ ಉಂಡು, ಎರಡು ದಿನ ಗೋವಾದ ಕಾಣಕೋಣದಲ್ಲಿ ಕಳೆಯುತ್ತಾರೆ. ಆ ನೋವು ಎಲ್ಲಿ ಹೋಗಬೇಕು? ಹಾಗೆ ನೋಡಿದರೆ ಕಾಣಕೋಣದವರೂ ಭಾನುವಾರದ ಸಂತೆಗೆ ನಮ್ಮೂರಿಗೆ ಬಂದು ಚೀಲ ತುಂಬಿಕೊಂಡು ಹೋಗುತ್ತಾರೆ. ನಮ್ಮ ಕಡೆಯವರು ಅಲ್ಲಿಂದ ತರುವ ಚೀಲವನ್ನು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಿಚ್ಚಿ ನೋಡುತ್ತಾರೆ, ಅವರು ಒಯ್ಯುವ ಬದನೆಕಾಯಿಯನ್ನು ಯಾರೂ ಕೇಳುವುದಿಲ್ಲ. ವ್ಯವಹಾರ ಸಮ.

"ರವೀಂದ್ರನಾಥ ಟ್ಯಾಗೋರರು ಬಂದಿದ್ರು, ಗೊತ್ತುಂಟಾ?" ಭಟ್ರು ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಡಲು ಶುರುಮಾಡಿದರು. "ಇಪ್ಪತ್ತು ದಾಟಿದ ಹುಡುಗ ಆವಾಗ. ಇಲ್ಲಿಯ ಚಂದ ನೋಡಿ ನಾಟಕವನ್ನೇ ಬರೆದ್ರು. ಈ ದಂಡೆಗೆ ಅವರ ಹೆಸರೇ ಇಟ್ಟದ್ದು."

"ಚಂದ ನೋಡಾಕ ಬಂದಿದ್ದಿಲ್ರೀ," ದೇಸಾಯರು ತಡೆದರು. "ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ರು. ಅಣ್ಣನ ಮನಿ, ಊಟ-ವಸ್ತಿ ಪುಕ್ಕಟ. ಅದಕ್ಕ ಬಂದ್ರು. ನಮ್ಮ ಅಳಿಯ ಬರಂಗಿಲ್ಲೇನು ಹಂಗ."

ಭಟ್ರಿಗೆ ಸಿಟ್ಟು ಬಂತು. ವಿಶ್ವಕವಿಯನ್ನು ದೇಸಾಯರ ಅಳಿಯನ ಜೊತೆ ಕೂರಿಸಿದರೆ ಯಾರಿಗೆ ಬರುವುದಿಲ್ಲ? ನಾನು ನಡುವೆ ಬಾಯಿ ಹಾಕಿ, ಕವಿಯೇ ತಮ್ಮ ನೆನಪುಗಳಲ್ಲಿ ಬರೆದ ಸಂಗತಿ ಹೇಳಿದೆ. ಒಂದು ಸಂಜೆ ಇವರೆಲ್ಲ ಸಣ್ಣ ಹಾಯಿದೋಣಿಯಲ್ಲಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ, ಶಿವಾಜಿಯ ಹಳೇ ಗುಡ್ಡದ ಕೋಟೆಯ ಹತ್ತಿರ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಒಪ್ಪ ಮಾಡಿದ ಅಂಗಳದಲ್ಲಿ ಬೆಳದಿಂಗಳಲ್ಲಿ ಕೂತು ಉಂಡರು. ಉಂಡದ್ದು ಏನು? ಮನೆಯಿಂದ ಕಟ್ಟಿಕೊಂಡು ಹೋದದ್ದು!

"ಬುತ್ತಿ!" ಗಾಂವಕರ ತೊಡೆ ತಟ್ಟಿದ. "ಕಾರವಾರದ ಟೂರಿಸ್ಟು ಅಂದಿಗೂ ಹಾಗೇ, ಇಂದಿಗೂ ಹಾಗೇ. ಮನೆಯಿಂದ ಚಪಾತಿ ಕಟ್ಟಿಕೊಂಡು ಬಂದು, ನಮ್ಮ ಅಂಗಳದಲ್ಲಿ ಕೂತು ತಿಂದು, ಬೆಳದಿಂಗಳು ಚಂದ ಇತ್ತು ಅಂತ ಹೇಳಿ ಹೋಗೋದು. ಊರಿನ ಹೋಟೆಲಿಗೆ ಒಂದು ಪೈ ಇಲ್ಲ."

"ಶಿವಾಜಿ ಕೋಟೆ ಎಂತಕ್ಕೆ? ಸದಾಶಿವಗಡ ಕಟ್ಟಿಸಿದ್ದು ನಮ್ಮ ಸೋಂದೆ ಅರಸರು," ಅಂದರು ಭಟ್ರು. ಶಿರಸಿಯಿಂದ ಸೋಂದೆಗೆ ಹೋಗುವ ಬಸ್ಸು ತಪ್ಪಿದರೂ ಭಟ್ರಿಗೆ ಇಷ್ಟು ನೋವಾಗುತ್ತಿರಲಿಲ್ಲ. "ಹೆಸರು ಇಟ್ಟದ್ದೂ ಅವರೇ. ಕವಿಗಳಿಗೆ ಯಾರೋ ತಪ್ಪು ಹೇಳಿದ್ದು."

"ಈಗ ಯಾರಿಗೂ ಹೇಳೋ ಹಾಂಗಿಲ್ಲ. ಹೆದ್ದಾರಿ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಕಾರಿನಲ್ಲಿ ಕೂತವರು ಕಣ್ಣು ಮಿಟುಕಿಸೋದ್ರೊಳಗೆ ಸೋಂದೆ, ಶಿವಾಜಿ ಎರಡೂ ಹಿಂದೆ," ಅಂದ ಗಾಂವಕರ.

ಅಷ್ಟರಲ್ಲಿ ಭೇಲ್‌ಪುರಿ ಬಂತು. ಮಾತು ಮೀನಿಗೆ ತಿರುಗಿತು. ಕಾರವಾರದಲ್ಲಿ ಯಾವ ಮಾತೂ ಕಾಲು ಗಂಟೆ ಮೀನಿಲ್ಲದೆ ಬದುಕಿದ ದಾಖಲೆ ಇಲ್ಲ. ಜನ ಬರೋದು ತಿಸರೆಗೆ ಅಂತ ದೇಸಾಯರು ಖಡಾಖಂಡಿತ. ಕಾಳಿ ನದಿ ಸಮುದ್ರ ಸೇರುವ ಕಡೆ, ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತು ಕೆಸರು ಕೆದಕಿ ಆರಿಸುವ ಚಿಪ್ಪು. ಕಾಯಿತುರಿ ಹಾಕಿ ಸುಕ್ಕಾ ಮಾಡಿದರೆ, ಉಣ್ಣುವವನಿಗೆ ಮಾತಾಡಲು ಪುರಸೊತ್ತಿಲ್ಲ, ಒಂದು ಕೈ ಚಿಪ್ಪು ಬಿಡಿಸಬೇಕು, ಇನ್ನೊಂದು ಕೈ ಅನ್ನ ಕಲಸಬೇಕು. ದೇಸಾಯರ ಮೊದಲ ತಿಸರೆಯ ಕತೆ ನಮಗೆಲ್ಲ ಬಾಯಿಪಾಠ. ಲಿಂಗಾಯತರ ಮನೆಯ ಮಗ, ಚಿಪ್ಪು ಸಮೇತ ಅಗಿದು, 'ಊರಾಗ ಕಲ್ಲನ್ನೂ ಪಲ್ಯ ಮಾಡ್ತಾರ' ಅಂತ ಮನೆಗೆ ಪತ್ರ ಬರೆದಿದ್ದರಂತೆ. ತಂದೆಗೆ ವಿಷಯ ಅರ್ಥವಾಗಲಿಲ್ಲವಾದ್ದರಿಂದ ಮನೆತನದ ಮಾನ ಉಳಿಯಿತು.

"ಮಳೆಗಾಲದಲ್ಲಿ ಬಂದು ಇಸ್ವಾಣ ಮೀನು ಕೇಳೋರನ್ನ ಏನು ಮಾಡೋದು?" ಅಂದ ಗಾಂವಕರ. "ಜೂನ್ ಒಂದರಿಂದ ಜುಲೈ ಕೊನೆವರೆಗೆ ಟ್ರಾಲರು, ಪರ್ಸೀನು ದೋಣಿ ಎಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿ ಹಾಕಿರ್ತದೆ. ಮೀನು ಮರಿ ಹಾಕೋ ಕಾಲ. ಇವರು ಮಾತ್ರ ನೆಂದ ಕೋಳಿಗಳ ಹಾಗೆ ಹೋಟೆಲಿಗೆ ಬಂದು 'ಫ್ರೆಶ್ ಇದೆಯಾ?' ಅಂತಾರೆ. ಅವನು ಐಸ್‌ ಪೆಟ್ಟಿಗೆ ಕಡೆ ನೋಡದೇ 'ಈಗಷ್ಟೇ ಬಂತು' ಅಂತಾನೆ."

ಬೀಚುಗಳ ವಿಷಯ ಬಂದರೆ ನಮ್ಮಲ್ಲಿ ಎಲ್ಲರೂ ಸ್ವಲ್ಪ ಮೆತ್ತಗಾಗುತ್ತೇವೆ. ಅರ್ಗಾ, ಬಿಣಗಾ ಕಡೆಯ ಬಹಳಷ್ಟು ದಂಡೆ ನೌಕಾಪಡೆಯ ಸೀಬರ್ಡ್ ಯೋಜನೆಗೆ ಹೋಯಿತು. ಕದಂಬ ನೌಕಾನೆಲೆ ಶುರುವಾದದ್ದು 2005ರಲ್ಲಿ. ಅಂಜುದೀವ್ ದ್ವೀಪವೂ ಅವರದ್ದೇ. ಊರು ಬಿಟ್ಟು ಎದ್ದು ಹೋದವರ ಸಂಕಟ ಹರಟೆಗೆ ಒಗ್ಗುವಂಥದ್ದಲ್ಲ, ಆ ಮಾತು ಬಂದಾಗ ಗಾಂವಕರ ಜೋಕು ಹೊಡೆಯುವುದಿಲ್ಲ, ನಾವೂ ಕೆದಕುವುದಿಲ್ಲ. ಉಳಿದದ್ದು ಮಾಜಾಳಿ, ತಿಳಮಾತಿಯ ಕಪ್ಪು ಹೊಯಿಗೆ, ದೇವಬಾಗ, ಮತ್ತೆ ಈ ದಂಡೆ. ಕೂರ್ಮಗಡ ದ್ವೀಪಕ್ಕೆ ಜನವರಿಯ ನರಸಿಂಹ ಜಾತ್ರೆಗೆ ಮಾತ್ರ ಊರೇ ದೋಣಿ ಹತ್ತುತ್ತದೆ.

"ನನ್ನ ಕೇಳಿದ್ರೆ ಜನ ಅತಿ ಹೆಚ್ಚು ಬಂದದ್ದು 2024ರ ಆಗಸ್ಟಿನಲ್ಲಿ," ಅಂದ ಗಾಂವಕರ ಮತ್ತೆ ಚುರುಕಾಗಿ. "ಕಾಳಿಯ ಹಳೇ ಸೇತುವೆ ರಾತ್ರಿ ಕುಸಿದು ಬಿತ್ತಲ್ಲ, ಲಾರಿ ಸಮೇತ? ಪುಣ್ಯಕ್ಕೆ ಡ್ರೈವರ್ ಬದುಕಿದ. ಬೆಳಗಾಗೋದ್ರಲ್ಲಿ ಕೋಡಿಬಾಗದಲ್ಲಿ ಕಾಲಿಡೋಕೆ ಜಾಗ ಇಲ್ಲ. ಗಟ್ಟಿ ನಿಂತಾಗ ಒಬ್ಬರೂ ಅದರ ಫೋಟೋ ತೆಗೆದಿರಲಿಲ್ಲ."

ನನಗೆ ಅನಿಸುವುದು ಬೇರೆ. ನಮ್ಮೂರಿನ ಆಕರ್ಷಣೆ ನಾವು ತಂದು ನಿಲ್ಲಿಸಿದ್ದರಲ್ಲಿ ಇಲ್ಲ. ಬೇರೆ ಊರಲ್ಲಿ ಕಡಲು ನೋಡಲು ಊರು ದಾಟಿ ಹೋಗಬೇಕು, ಇಲ್ಲಿ ಕಚೇರಿಗೆ ಅರ್ಜಿ ಕೊಡಲು ಬಂದವನು ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂದರೆ ರಸ್ತೆ ದಾಟಿ ಕಾಲು ನೆನೆಸಿಕೊಂಡು ಬರಬಹುದು. ಜೋಯಿಡಾದಿಂದ, ಹಳಿಯಾಳದಿಂದ ಬಂದ ಎಷ್ಟು ಜನ ಪಹಣಿಯ ಕಾಗದ ಕಂಕುಳಲ್ಲಿ ಇಟ್ಟುಕೊಂಡು ಹಾಗೆ ಅಲೆಗೆ ನಿಂತಿದ್ದಾರೆ! ಅವರನ್ನು ಪ್ರವಾಸಿಗರು ಅಂತ ಯಾವ ಲೆಕ್ಕದಲ್ಲೂ ಹಿಡಿಯುವುದಿಲ್ಲ. ಇದನ್ನು ಹೇಳಿದೆ. ಯಾರೂ ಕೇಳಲಿಲ್ಲ, ಭೇಲ್‌ಪುರಿಯಲ್ಲಿ ಸೇವು ಕಡಿಮೆ ಅಂತ ಜಗಳ ನಡೆದಿತ್ತು.

"ಅಲ್ಲ ಭಟ್ರೆ, ಇವತ್ತು ಎಂತ ಈ ಪ್ರಶ್ನೆ?" ಅಂದೆ.

ಆಗ ಗುಟ್ಟು ಹೊರಬಿತ್ತು. ಭಟ್ರ ತಂಗಿಯ ಮಗ ಮಾಜಾಳಿಯಲ್ಲಿ ಹೋಮ್‌ಸ್ಟೇ ಮಾಡುತ್ತಿದ್ದಾನೆ. ಹೆದ್ದಾರಿ ಬದಿಗೆ ಬೋರ್ಡು ಹಾಕಬೇಕು, ಏನು ಬರೆಸಿದರೆ ಜನ ನಿಲ್ಲುತ್ತಾರೆ ಅಂತ ಮಾವನನ್ನು ಕೇಳಿದ್ದಾನೆ. ತಗೋ, ಎಲ್ಲರೂ ಕವಿಗಳಾದರು. 'ಟ್ಯಾಗೋರರು ಉಂಡ ಬೆಳದಿಂಗಳು' ಅಂತ ಭಟ್ರು. 'ತಿಸರೆ ಸಿಗುತ್ತದೆ' ಅಂತ ದೇಸಾಯರು. "ನಿಮ್ಮ ಅಳಿಯ ಸಸ್ಯಾಹಾರಿ, ತಿಸರೆ ಮಾಡೋರು ಯಾರು?" ಅಂತ ಗಾಂವಕರ. "ಪಕ್ಕದ ಮನೆಯಿಂದ ತರಿಸ್ತ," ಅಂದರು ಭಟ್ರು, ಆಚೀಚೆ ನೋಡಿ, ಸಣ್ಣ ದನಿಯಲ್ಲಿ.

ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಹುಡುಗ ಆಚೆಯಿಂದ, "ಮಾವ, ಬೋರ್ಡು ನಿನ್ನೆಯೇ ಬರೆಸಿ ಹಾಕಾಯ್ತು," ಅಂದ.

"ಎಂತ ಬರೆಸಿದ್ಯಾ?"

"'ಗೋವಾ ಇಲ್ಲಿಂದ ಕೂಗಳತೆ ದೂರ.' ದೊಡ್ಡ ಅಕ್ಷರದಲ್ಲಿ. ಕೆಳಗೆ ಬಾಣದ ಗುರುತು."

"ಬಾಣ ಯಾವ ದಿಕ್ಕಿಗೆ ಹಾಕ್ಸಿದ್ಯಾ, ಮನೆ ಕಡೆಗನಾ?"

"ಇಲ್ಲ ಮಾವ. ಗೋವಾ ಕಡೆಗೆ."

"ಬೋರ್ಡಿಗೆ ಖರ್ಚು ಎಷ್ಟಾಯ್ತು ಕೇಳ್ರೀ," ಅಂದರು ದೇಸಾಯರು. "ಗೋವಾ ಸರ್ಕಾರದಿಂದ ವಸೂಲಿ ಮಾಡಾಕ ಬರ್ತೈತಿ."