ಗೊಂಬೆ ಪೆಟ್ಟಿಗೆ ಮತ್ತು 39 ಪೌಂಡಿನ ಲೆಕ್ಕ

ನವರಾತ್ರಿ ಹತ್ತಿರ ಬಂತು ಅಂದ್ರೆ ಹೊರದೇಶದಲ್ಲಿರೋ ನಮ್ಮ ಗುಂಪಿನಲ್ಲಿ ಒಂದೇ ಪ್ರಶ್ನೆ: ಊರಿಂದ ಗೊಂಬೆ ತರಿಸೋದು ಹೇಗೆ, ಎಷ್ಟು ಬೀಳುತ್ತೆ? ನಾನು ಈಗ ಮಗಳು ಪುಟ್ಟಿಯ ಬೇಸಿಗೆ ರಜೆಗೆ ಮೈಸೂರಿಗೆ ಬಂದಿದ್ದೇನೆ. ಸರಸ್ವತಿಪುರಂ ಮನೆಯ ಹಜಾರದಲ್ಲಿ ಪೆಟ್ಟಿಗೆ ಕಟ್ಟಿ ಮುಗಿಸಿ, ಬೆರಳಿಗೆ ಅಂಟಿದ ಟೇಪು ಕಿತ್ತುಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ನಾವಿರೋದು ಇಂಗ್ಲೆಂಡಿನಲ್ಲಿ, ಹಾಗಾಗಿ ಲೆಕ್ಕವೆಲ್ಲ ಅಲ್ಲಿಯದು. ಅಮೆರಿಕ, ಜರ್ಮನಿಯವರು ನಿಮ್ಮ ಕಡೆಯ ನಿಯಮ ನೋಡಿಕೊಳ್ಳಿ.

ಹೋದ ವರ್ಷ ನಾನು ಮಾಡಿದ ಪೆದ್ದು ಕೆಲಸ ಮೊದಲು ಹೇಳಿಬಿಡುತ್ತೇನೆ. ಒಂದು ಜಾಲತಾಣದಲ್ಲಿ ಶೆಟ್ರು-ಶೆಟ್ಟಮ್ಮನ ಅಂಗಡಿ ಸೆಟ್ಟು, ಜೊತೆಗೆ ದಶಾವತಾರ, ಒಟ್ಟು 62 ಪೌಂಡಿಗೆ ತರಿಸಿದೆ. ಸಾಗಣೆ ಉಚಿತ ಅಂತ ದಪ್ಪಕ್ಷರದಲ್ಲಿತ್ತು. ಹತ್ತು ದಿನ ಬಿಟ್ಟು ಕೊರಿಯರಿನವರ ಮೆಸೇಜು ಬಂತು. ವ್ಯಾಟ್, ಅಂದ್ರೆ ಅಲ್ಲಿಯ ಮಾರಾಟ ತೆರಿಗೆ, 12.40 ಪೌಂಡು. ಅದನ್ನು ನಮ್ಮ ಪರವಾಗಿ ಅವರು ಮೊದಲೇ ಕಟ್ಟಿದ್ದಕ್ಕೆ ಇನ್ನೊಂದು 12 ಪೌಂಡು! ಮೂಗಿಗಿಂತ ಮೂಗುತಿ ಭಾರ. ಬಿಚ್ಚಿ ನೋಡಿದರೆ ಶೆಟ್ರ ಹೊಟ್ಟೆ ಭದ್ರವಾಗಿತ್ತು, ಶೆಟ್ಟಮ್ಮನ ತಲೆ ಬೇರೆ ಮೈ ಬೇರೆ. ವಾಪಸ್ ಕಳಿಸೋ ಖರ್ಚು ಗೊಂಬೆಯ ಬೆಲೆಗಿಂತ ಜಾಸ್ತಿ. ಅಂಟು ಹಾಕಿ ಕೂರಿಸಿದೆವು. ಪುಟ್ಟಿ ಆ ಕತ್ತಿಗೆ ರಿಬ್ಬನ್ ಸುತ್ತಿ, ಬಂದವರಿಗೆಲ್ಲ "ಶೆಟ್ಟಮ್ಮನಿಗೆ ಶೀತ ಆಗಿದೆ" ಅಂತ ಹೇಳುತ್ತಿದ್ದಳು.

ಆಮೇಲೆ ಕೂತು ನಿಯಮ ಓದಿದೆ. 2021ರ ಜನವರಿಯಿಂದ, 135 ಪೌಂಡಿನೊಳಗಿನ ಸಾಮಾನಿಗೆ ಮಾರುವವರೇ ಬಿಲ್ಲಿನಲ್ಲಿ ವ್ಯಾಟ್ ಸೇರಿಸಿ ಕಟ್ಟಬೇಕು. ದೊಡ್ಡ ತಾಣಗಳು ಇದನ್ನು ಮಾಡುತ್ತವೆ. ಸಣ್ಣ ಅಂಗಡಿಯವರಿಗೆ ಎಷ್ಟೋ ಸಲ ಗೊತ್ತೇ ಇರಲ್ಲ, ಆಗ ಅದು ನಮ್ಮ ಬಾಗಿಲಿಗೆ ಬರುತ್ತೆ. 135 ದಾಟಿದರೆ ಕಸ್ಟಮ್ಸ್ ಸುಂಕದ ಮಾತೂ ಏಳುತ್ತೆ. ದುಡ್ಡು ಕೊಡೋ ಮುಂಚೆ ಅಂಗಡಿಯವರನ್ನು ಒಂದೇ ಮಾತು ಕೇಳಿ: ಈ ಬೆಲೆಯಲ್ಲಿ ಬ್ರಿಟನ್ನಿನ ವ್ಯಾಟ್ ಸೇರಿದೆಯಾ? ತಡವರಿಸಿದರೆ ಸೇರಿಲ್ಲ ಅಂತಲೇ ಅರ್ಥ. ಮಕ್ಕಳ ಬಟ್ಟೆಗೆ, ಪುಸ್ತಕಕ್ಕೆ ಅಲ್ಲಿ ವ್ಯಾಟ್ ಸೊನ್ನೆ. ಗೊಂಬೆಗೆ, ಆಟಿಕೆಗೆ ಶೇಕಡಾ 20. ಹಾಗಾಗಿ ಲಂಗ-ರವಿಕೆ, ಕನ್ನಡ ಕತೆ ಪುಸ್ತಕ ತರಿಸೋಕೆ ಹೆದರಬೇಕಿಲ್ಲ.

ಈ ಸಲ ಗೊಂಬೆ ಕಳಿಸುತ್ತಿರೋದು ಅಮ್ಮ. ಉಡುಗೊರೆ ಅಂತ. ಇಲ್ಲೇ ಜಾಸ್ತಿ ಜನ ಎಡವೋದು. 39 ಪೌಂಡಿನವರೆಗಿನ ಉಡುಗೊರೆಗೆ ವ್ಯಾಟೂ ಇಲ್ಲ, ಸುಂಕವೂ ಇಲ್ಲ. ಅಂದ್ರೆ ಹತ್ತಿರ ಹತ್ತಿರ ನಾಲ್ಕೂವರೆ ಸಾವಿರ ರೂಪಾಯಿ. ಆದರೆ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಒಬ್ಬರು ಇನ್ನೊಬ್ಬರಿಗೆ ತಮ್ಮ ದುಡ್ಡಲ್ಲಿ ಕೊಂಡು ಕಳಿಸಿದ್ದು ಮಾತ್ರ ಉಡುಗೊರೆ. ನಾವೇ ದುಡ್ಡು ಹಾಕಿ ಅಮ್ಮನ ಕೈಲಿ ಕಳಿಸಿಕೊಂಡರೆ ಅಲ್ಲ. ಅಂಗಡಿಯವರು ಗಿಫ್ಟ್ ಅಂತ ಟಿಕ್ ಹಾಕಿದರೂ ಅಲ್ಲ.

ನಾನೂ ಸುಮ್ನೆ ಇರಲಿಲ್ಲ ಅನ್ನಿ. "ಅಪ್ಪಾ, ಬೆಲೆ ಐನೂರು ಅಂತ ಹಾಕ್ಬಿಡಪ್ಪಾ, ಯಾರು ನೋಡ್ತಾರೆ" ಅಂದೆ. ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಮೂವತ್ತು ವರ್ಷ ಬ್ಯಾಂಕಲ್ಲಿ ಸಹಿ ಹಾಕಿದ ಕೈ ಕಣಮ್ಮ ಇದು." ಪುಟ್ಟಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ನನಗೆ ಮುಖ ಸಣ್ಣದಾಯಿತು. ವ್ಯವಹಾರಕ್ಕೂ ಅಪ್ಪ ಹೇಳಿದ್ದೇ ಸರಿ. ಪೆಟ್ಟಿಗೆ ಕಳೆದುಹೋದರೆ ಬರೆದ ಬೆಲೆಗಿಂತ ಜಾಸ್ತಿ ಪರಿಹಾರ ಯಾರೂ ಕೊಡಲ್ಲ.

ಆ 39 ಪೌಂಡು ಪೆಟ್ಟಿಗೆಗಲ್ಲ, ತಲೆಗೆ. ಒಂದೇ ಪೆಟ್ಟಿಗೆಯಲ್ಲಿ ಮೂವರಿಗೆ ಉಡುಗೊರೆ ಇದ್ದರೆ ಒಬ್ಬೊಬ್ಬರದೂ ಬೇರೆ ಬೇರೆ ಸುತ್ತಿ, ಹೆಸರು ಬರೆದು, ಕಸ್ಟಮ್ಸ್ ಫಾರ್ಮಿನಲ್ಲೂ ಬೇರೆ ಬೇರೆ ಸಾಲಿನಲ್ಲಿ ಬೆಲೆ ಸಮೇತ ತೋರಿಸಬೇಕು. ಸುಮ್ನೆ ಗೊಂಬೆಗಳು ಅಂತ ಒಂದೇ ಸಾಲು ಗೀಚಿದರೆ ಈ ಅನುಕೂಲ ಹೋಯಿತು. ಇಷ್ಟಾದರೂ ತಪ್ಪಾಗಿ ವ್ಯಾಟ್ ಹಾಕಿದರೆ, ರಾಯಲ್ ಮೇಲ್ ತಂದ ಪಾರ್ಸಲ್ಲಿಗೆ ಬಿಓಆರ್ 286 ಅನ್ನೋ ಅರ್ಜಿ ಇದೆ. ಚೀಟಿ, ಹೊದಿಕೆ ಬಿಸಾಡಬೇಡಿ.

ತೂಕದ ವಿಷಯ. ನಮ್ಮ ಪೆಟ್ಟಿಗೆ ತಕ್ಕಡಿಯಲ್ಲಿ ನಾಲ್ಕು ಕೆಜಿ. ಕೊರಿಯರ್ ಅಂಗಡಿಯವನು ಟೇಪು ಹಿಡಿದು 45, 35, 30 ಸೆಂಟಿಮೀಟರ್ ಅಳೆದ, ಗುಣಿಸಿ 5000ದಿಂದ ಭಾಗಿಸಿದ, ಗಾತ್ರದ ಲೆಕ್ಕದಲ್ಲಿ ಒಂಬತ್ತೂವರೆ ಕೆಜಿ, ದುಡ್ಡು ಅದಕ್ಕೇ ಅಂದ! ಗಾಳಿಗೂ ದುಡ್ಡು. ಮನೆಗೆ ತಂದು ಥರ್ಮಾಕೋಲ್ ತೆಗೆದು, ಸಂದಿಗೆಲ್ಲ ಪುಟ್ಟಿಯ ಲಂಗ ತುರುಕಿ, ಚಿಕ್ಕ ಪೆಟ್ಟಿಗೆಗೆ ಇಳಿಸಿದೆವು. ನಾಳೆ ಅಂಚೆ ಕಚೇರಿಗೆ.

ಪಟ್ಟದ ಗೊಂಬೆ ಬೇಕು ಅನ್ನುವವರು ಮರ ಯಾವುದು ಅಂತ ಕೇಳಿ. ರಕ್ತಚಂದನ ಆದರೆ ಕಳಿಸೋ ಯೋಚನೆ ಬಿಡಿ, ಆ ಮರದ ರಫ್ತಿಗೆ ನಿಷೇಧ ಇದೆ. ತುಪ್ಪ, ಹಾಲಿನ ಸಿಹಿ ಕೂಡ ಬೇಡ. ಭಾರತದಿಂದ ಹಾಲಿನ ಪದಾರ್ಥ ಬ್ರಿಟನ್ನಿನೊಳಗೆ ಬಿಡಲ್ಲ. ತುಪ್ಪದಲ್ಲೇ ಈಜೋ ಮೈಸೂರ್ ಪಾಕನ್ನು ನಾನು ಇಲ್ಲೇ ತಿಂದು ಮುಗಿಸುತ್ತೇನೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಅಲ್ಲಿಂದ ಇಲ್ಲಿಗೆ ಕಳಿಸೋರಿಗೂ ಒಂದು ಮಾತು. ಐದು ಸಾವಿರ ರೂಪಾಯಿವರೆಗೆ ಉಡುಗೊರೆಗಿದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಉಳಿದದ್ದು ಜೀವ ಉಳಿಸೋ ಔಷಧಿ ಮತ್ತು ರಾಖಿಗೆ. ರಾಖಿ ಜೊತೆ ಚಾಕೊಲೇಟ್ ಇಟ್ಟರೆ ಅದಕ್ಕಿಲ್ಲ.

ಹೆಸರಿನ ಚೀಟಿ ಬರೆಯೋ ಕೆಲಸ ಅಮ್ಮ ಪುಟ್ಟಿಗೆ ಕೊಟ್ಟರು. ಫಾರ್ಮು ಇಂಗ್ಲಿಷಿನಲ್ಲೇ, ಆದರೆ ಪೊಟ್ಟಣದ ಚೀಟಿಯಲ್ಲಿ ಅದರ ಕೆಳಗೆ ಕನ್ನಡವೂ ಇರಲಿ ಅಂತ ಅಮ್ಮನ ಹಟ. "ಅಮ್ಮನಿಗೆ" ಬೇಗ ಬಂತು. "ಅಪ್ಪನಿಗೆ" ಬರೆಯುವಾಗ ಒತ್ತು ನ ಕೆಳಗೆ ಹೋಗಿ ಕೂತಿತು. "ಅಲ್ಲ ಕಣೇ, ಪ ಕೆಳಗೆ" ಅಂದರು ಅಮ್ಮ. ಅಳಿಸಲಿಲ್ಲ, ಪಕ್ಕದಲ್ಲೇ ಇನ್ನೊಂದು ಸಲ ಬರೆದಳು. ಹಾಗಾಗಿ ನಮ್ಮ ಯಜಮಾನರ ಪೊಟ್ಟಣದ ಮೇಲೆ ಎರಡೆರಡು ಸಲ ಅಪ್ಪ ಇದ್ದಾರೆ. ಫಾರ್ಮಿನಲ್ಲಿ ಮಾತ್ರ ಒಂದೇ.